ಒಂದು ಬೆರಳಿನಷ್ಟು ಎತ್ತರ

"ಇಷ್ಟೇನಾ?"

ಕೇಳಬಾರದು ಎಂದುಕೊಂಡಿದ್ದರೂ ಚಿಹಾರುವಿನ ಬಾಯಿಂದ ಮಾತು ಹೊರಬಿದ್ದಿತ್ತು. ಟೈರಿನಂಗಡಿಯ ಇಗರಾಶಿ ಮೊಣಕಾಲೂರಿ ಕೂತು, ಅವಳ ಪುಟ್ಟ ಜೀಪಿನ ಹೊಟ್ಟೆಯ ಕೆಳಗೆ ತನ್ನ ತೋರುಬೆರಳನ್ನು ಅಡ್ಡ ಹಿಡಿದು ತೋರಿಸುತ್ತಿದ್ದ. ದೊಡ್ಡ ಟೈರು ಹಾಕಿದರೆ ಗಾಡಿ ಈಗಿರುವುದಕ್ಕಿಂತ ಇಷ್ಟು ಮೇಲೇಳುತ್ತದೆ: ಗ್ರೀಸು ಮೆತ್ತಿದ, ಉಗುರು ಕಪ್ಪಾದ ಒಂದು ಬೆರಳಿನ ದಪ್ಪ.

"ಟೈರು ಎರಡು ಬೆರಳು ದೊಡ್ಡದಾದ್ರೆ ಗಾಡಿ ಏಳೋದು ಒಂದೇ ಬೆರಳು, ಚಿಹಾರು-ಸಾನ್. ಇನ್ನೊಂದು ಬೆರಳು ಮೇಲ್ಗಡೆ ಹೋಯ್ತಲ್ಲ, ಅದು ದೇವರಿಗೆ," ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ.

ಅವಳೂ ನಕ್ಕಳು. ಎದುರಿನವರು ನಗುವಾಗ ಸುಮ್ಮನಿರುವುದು ಅವಳಿಗೆ ಬರುತ್ತಿರಲಿಲ್ಲ. ಹಿಮ ಕರಗಿದಂದಿನಿಂದ ಅವಳು ಯೋಚಿಸುತ್ತಾ ಬಂದದ್ದು ಈ ಟೈರುಗಳನ್ನೇ. ಗದ್ದೆಗೆ ನೀರು ಬಿಡುವಾಗ, ಬಟ್ಟೆ ಒಣಹಾಕುವಾಗ, ಅತ್ತೆಗೆಂದು ಉಪ್ಪು ಕಮ್ಮಿಯ ಸಾರನ್ನು ಬೇರೆ ಪಾತ್ರೆಯಲ್ಲಿ ಕುದಿಸುವಾಗ, ಜೀಪು ಕೊಕ್ಕರೆಯ ಹಾಗೆ ಉದ್ದುದ್ದ ಕಾಲಿನ ಮೇಲೆ ನಿಂತು, ಕೆಳಗಿನ ಹಿಮವನ್ನು ಸೋಕದೆ, ಯಾರ ಮನೆಯ ಕಿಟಕಿಯ ಮುಂದೆಯೂ ನಿಲ್ಲದೆ ದಾಟಿ ಹೋಗುವುದು ಅವಳಿಗೆ ಕಾಣುತ್ತಿತ್ತು. ಈಗ ನೋಡಿದರೆ ಒಂದು ಬೆರಳು. ಕೋಟಿನ ಜೇಬಿನೊಳಗೆ ತನ್ನ ತೋರುಬೆರಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿಕೊಂಡಳು. ತನ್ನದು ಇಗರಾಶಿಯ ಬೆರಳಿಗಿಂತ ತೆಳ್ಳಗಿದೆ, ಹಾಗಾದರೆ ತನಗೆ ಸಿಗುವುದು ಇನ್ನೂ ಕಮ್ಮಿ ಎಂಬ ಹುಚ್ಚು ಯೋಚನೆ ಬಂದು, ಬಂದದ್ದಕ್ಕೆ ನಾಚಿಕೆಯೂ ಆಯಿತು.

ಗೋಡೆಗೆ ಒರಗಿಸಿ ಅವನು ಮೂರು ಟೈರು ನಿಲ್ಲಿಸಿದ್ದ. ಮೊದಲನೆಯದು ಈಗಿನ ಅಳತೆಯದೇ, ಚಳಿಗಾಲಕ್ಕೆಂದು ಮಾಡಿದ್ದು. ಉಗುರಿನಿಂದ ಒತ್ತಿದರೆ ರಬ್ಬರು ಮೆತ್ತಗೆ ತಗ್ಗುತ್ತಿತ್ತು. ಎರಡನೆಯದು ಎತ್ತರ, ಆದರೆ ಅಗಲವಿಲ್ಲ. ಕಲ್ಲು, ಕೆಸರು, ಹಿಮ ಎಲ್ಲಕ್ಕೂ ಆಗುತ್ತದೆಂದು ಪಕ್ಕದಲ್ಲಿ ಬೆಟ್ಟದ ಚಿತ್ರವೂ ಅದರೊಳಗೆ ಹಿಮದ ಹರಳೂ ಅಚ್ಚಾಗಿದ್ದವು. ಮೈಮೇಲೆ ಉಬ್ಬಿದ ರಬ್ಬರಿನ ಬಟನ್‌ಗಳು ದಪ್ಪ ದಪ್ಪ, ಅಗಿಯಲು ಕಾದಿರುವ ದವಡೆಹಲ್ಲಿನ ಹಾಗೆ. ಮೂರನೆಯದು ಎಲ್ಲಕ್ಕಿಂತ ಭಾರಿ, ಅಗಲ. ಅದರ ಮುಂದೆ ನಿಂತರೆ ಧೈರ್ಯ ಬರುತ್ತಿತ್ತು.

"ಅದರ ಮೇಲೆ ಕಣ್ಣು ಹಾಕ್ಬೇಡಿ. ಅದು ಹೆಂಡತಿ ಇಲ್ಲದ ಗಂಡಸರು ಒಯ್ಯೋದು," ಎಂದ ಇಗರಾಶಿ. "ಮಡ್‌ಗಾರ್ಡಿನಿಂದ ಆಚೆ ಬರುತ್ತೆ, ಸರ್ಕಾರದ ತಪಾಸಣೆಲಿ ಪಾಸಾಗಲ್ಲ. ಮೇಲಾಗಿ ನಿಮ್ಮ ಗಾಡಿ ಹಗುರ. ಹಗುರದ್ದಕ್ಕೆ ಅಗಲ ಕಾಲು ಕೊಟ್ರೆ ಹಿಮದ ಮೇಲೆ ಬಾತುಕೋಳಿ ಆಗುತ್ತೆ. ಕಿರಿದಾಗಿದ್ರೇನೆ ಕೆಳಗಿಳಿದು ಕಚ್ಚೋದು."

"ಹಾಗಾದ್ರೆ ನಡುವಿನದು?"

"ನಡುವಿನದು ಒಳ್ಳೇದೇ. ಆದ್ರೆ ಗಟ್ಟಿ ಐಸಿನ ಮೇಲೆ ಇದು ಆ ಮೆತ್ತಗಿರೋದರಷ್ಟು ನಿಲ್ಲಲ್ಲ. ಬ್ರೇಕು ಸ್ವಲ್ಪ ಮೊದಲೇ ನೆನಪು ಮಾಡ್ಕೋಬೇಕು. ತೂಕ ಜಾಸ್ತಿ, ಏರಿನಲ್ಲಿ ನಿಮ್ಮ ಪುಟ್ಟ ಎಂಜಿನ್ನು ಏದುಸಿರು ಬಿಡುತ್ತೆ. ಹೊಟ್ಟೆ ತಾಗೋದು ತಪ್ಪಬೇಕು ಅಂದ್ರೆ ಇದು. ಜಾರೋದು ತಪ್ಪಬೇಕು ಅಂದ್ರೆ ಅದು."

"ನೀವಾಗಿದ್ರೆ ಯಾವುದು ಹಾಕ್ತಿದ್ರಿ?"

"ನಾನಾ? ನಾನು ಚಳಿಗಾಲದಲ್ಲಿ ಮನೆ ಬಿಟ್ಟು ಈಚೆಗೇ ಬರಲ್ಲ."

ಮತ್ತೆ ನಗು. ಎರಡು ಬೀದಿ ಆಚೆಯ ಆಸ್ಪತ್ರೆಯಲ್ಲಿ ಈ ಹೊತ್ತಿಗೆ ಅತ್ತೆ ಕಿಕುನೊ ಮಲಗಿರುತ್ತಾಳೆ. ಅವಳ ಎಡಗೈಯಿಂದ ರಕ್ತ ಕೊಳವೆಗೆ ಹೋಗಿ, ಯಂತ್ರದಲ್ಲಿ ತೊಳೆಸಿಕೊಂಡು, ಹಿಂದಕ್ಕೆ ಬರುತ್ತಿರುತ್ತದೆ. ವಾರಕ್ಕೆ ಮೂರು ಸಲ. ಬೇಸಿಗೆಯಾದರೂ ಅಷ್ಟೇ, ಆಳೆತ್ತರ ಹಿಮ ಬಿದ್ದರೂ ಅಷ್ಟೇ. ಅದು ಮುಗಿಯುವುದರೊಳಗೆ ಚಿಹಾರು ಆರಿಸಬೇಕಿತ್ತು. ನವೆಂಬರ್ ಮುಗಿಯುತ್ತಾ ಬಂದಿತ್ತು. ಬೆಳಿಗ್ಗೆ ಬೆಟ್ಟದ ನೆತ್ತಿ ಬೆಳ್ಳಗಾಗಿದ್ದನ್ನು ಅಡಿಗೆಮನೆಯಿಂದ ಕಂಡು ಅವಳ ಕೈಲಿದ್ದ ಸೌಟು ನಿಂತುಹೋಗಿತ್ತು.

ಆವತ್ತು ಈ ಒಂದು ಬೆರಳು ಇದ್ದಿದ್ದರೆ ಸಾಕಾಗುತ್ತಿತ್ತೇ? ಫೆಬ್ರುವರಿಯ ಆ ಬೆಳಗಿನಲ್ಲಿ ದಾರಿಯ ಮೇಲೆ ಎರಡು ಗಾಲಿಜಾಡು ಮಾತ್ರ ಆಳವಾಗಿ ಇಳಿದಿತ್ತು, ನಡುವೆ ಹಿಮದ ದಿಬ್ಬ. ಜೀಪು ತಿರುವಿನಲ್ಲಿ ಮೆಲ್ಲಗೆ ನಿಟ್ಟುಸಿರಿಟ್ಟು ಆ ದಿಬ್ಬದ ಮೇಲೆ ಹೊಟ್ಟೆಯೂರಿ ಕೂತುಬಿಟ್ಟಿತು. ನಾಲ್ಕೂ ಚಕ್ರ ಗಾಳಿಯಲ್ಲಿ ಈಜುತ್ತಿದ್ದವು. ಊರಲ್ಲಿ ಅದಕ್ಕೆ ಗಾಡಿ ಆಮೆಯಾಯ್ತು ಅನ್ನುತ್ತಾರೆ. ಆಮೆಯಾಗುವುದು ಯಾರಿಗೂ ಹೊಸದಲ್ಲ. ಆದರೆ ಅವಳದು ಅದೇ ವಾರದಲ್ಲಿ ಎರಡನೆಯ ಸಲ. ಮೊದಲ ಸಲ ಕೆಳಮನೆಯ ಗೆಂಜಿರೊ ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ ಎಳೆದುಕೊಟ್ಟಿದ್ದ. ಮಾರನೆಯ ದಿನವೇ ಅವಳು ಪೇಟೆಯಿಂದ ಒಳ್ಳೆಯ ಕಾಗದ ಸುತ್ತಿದ ಸಿಹಿಯ ಪೆಟ್ಟಿಗೆ ಒಯ್ದು, ಅವನ ಮನೆಯ ಹೊಸ್ತಿಲಲ್ಲಿ ಎರಡೂ ಕೈಯಿಂದ ಕೊಟ್ಟು, ತಲೆ ಬಗ್ಗಿಸಿ ಬಂದಿದ್ದಳು. ಸಮವಾಯಿತು ಎಂದು ಆ ರಾತ್ರಿ ಹಗುರಾಗಿ ಮಲಗಿದಳು. ಬೆಳಗಾದರೆ ಗೆಂಜಿರೊನ ಹೆಂಡತಿ ಸುಮಿ ಉಪ್ಪಿನಲ್ಲಿಟ್ಟ ಮೂಲಂಗಿಯ ಡಬ್ಬಿ ಹಿಡಿದು ನಿಂತಿದ್ದಳು. "ಅಯ್ಯೋ, ಅಷ್ಟು ದೊಡ್ಡ ಪೆಟ್ಟಿಗೆ ಯಾಕೆ ತರೋಕೆ ಹೋದ್ರಿ." ಮೂಲಂಗಿಯೊಂದಿಗೆ ಹಂಗು ಪುನಃ ಮನೆಯೊಳಗೆ ಬಂತು. ಆ ಡಬ್ಬಿಯನ್ನು ತೊಳೆದು, ಒಳಗೆ ಏನು ಹಾಕಿ ಹಿಂದಿರುಗಿಸುವುದೆಂದು ಯೋಚಿಸುತ್ತಿದ್ದಾಗಲೇ ಜೀಪು ಎರಡನೆಯ ಸಲ ಆಮೆಯಾಯಿತು, ಅದೂ ಅದೇ ಗೆಂಜಿರೊನ ಕಿಟಕಿಗೆ ಕಾಣುವ ತಿರುವಿನಲ್ಲಿ.

ಮನೆಗೆ ಹಿಂದಿರುಗೋಣವೆಂದರೆ ಹಿಮ ಸೊಂಟದವರೆಗಿತ್ತು, ಅತ್ತೆ ಆ ಹಿಮದಲ್ಲಿ ನಾಲ್ಕು ಹೆಜ್ಜೆ ಇಡುವವಳಲ್ಲ. ಗೆಂಜಿರೊನ ಮನೆಯ ಹೊಗೆಕೊಳವೆಯಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಫೋನು ಚಿಹಾರುವಿನ ತೊಡೆಯ ಮೇಲಿತ್ತು. ಸೈಲೆನ್ಸರಿನ ಸುತ್ತ ಹಿಮ ಮುಚ್ಚುತ್ತಿದೆಯೆಂದು ಎಂಜಿನ್ ಆರಿಸಿದಳು, ತನ್ನ ಕೋಟು ಬಿಚ್ಚಿ ಅತ್ತೆಯ ಕಾಲಿಗೆ ಸುತ್ತಿದಳು. ಆಗ ಯಾರೋ ಅಂದರು, ಇನ್ನೊಂದು ಸ್ವಲ್ಪ ನೋಡೋಣ. ಆ ಮಾತು ಅತ್ತೆಯದೋ ತನ್ನದೋ? ವರ್ಷಪೂರ್ತಿ ಆ ಗಾಡಿಯೊಳಗೆ ಮತ್ತೆ ಮತ್ತೆ ಹೋಗಿ ಕೂತು ಅವಳು ಕಿವಿಗೊಟ್ಟಿದ್ದಾಳೆ. ಮಾತು ಕೇಳುತ್ತದೆ, ದನಿ ಕೇಳುವುದಿಲ್ಲ.

"ಏನು, ಹಾಕೋಣವಾ?" ಎಂದ ಇಗರಾಶಿ.

ಅವಳು ಬೆಚ್ಚಿ, "ಒಂದು ನಿಮಿಷ, ಕ್ಷಮಿಸಿ," ಎಂದಳು. ಅವಳ ಹಿಂದೆ ಇನ್ನೊಬ್ಬ ಗಿರಾಕಿ ಬಂದು ಹೊಸ್ತಿಲಲ್ಲಿ ನಿಂತಿದ್ದ. ಅವನಿಗೂ ತಲೆ ಬಗ್ಗಿಸಿದಳು.

ನೋಡೋಣ ಅಂದದ್ದು ಮಸನೊರಿಗಾಗಿ. ಗಂಡ ಪೇಟೆಯ ಹಿಮ ಗುಡಿಸುವ ಯಂತ್ರ ಓಡಿಸುತ್ತಾನೆ, ಅವನು ಹೇಗೂ ಬಂದೇ ಬರುತ್ತಾನೆ. ಆದರೆ ತನ್ನ ಮನೆಯ ದಾರಿಗೆ ಅವನು ಬರುವುದು ಎಲ್ಲರದೂ ಮುಗಿದ ಮೇಲೆ. ಯಾವನೂ ಬಾಯಿಬಿಟ್ಟು ಹೇಳಿದ ಕಟ್ಟಳೆ ಅಲ್ಲ ಅದು. ಅವನಿಗಿಂತ ಮುಂಚೆ ಆ ಯಂತ್ರ ಓಡಿಸುತ್ತಿದ್ದವನೂ ಹಾಗೇ ಮಾಡುತ್ತಿದ್ದನಂತೆ. ತನ್ನ ಅಂಗಳ ಮೊದಲು ಗುಡಿಸಿಕೊಂಡ ಎಂದು ಯಾರೂ ಆಡಬಾರದು. ಹಾಗಾಗಿ ಆವತ್ತು ಅವನು ಕೆಳಗಿನ ಊರು, ಶಾಲೆಯ ದಾರಿ, ಅಂಚೆಕಚೇರಿಯ ಅಂಗಳ ಎಲ್ಲ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ತಿರುವಿಗೆ ಬಂದಾಗ, ದಾರಿಯ ನಡುವೆ ಒಂದು ಬಿಳಿ ಗುಡ್ಡೆ ಕಂಡು, ಇದೇನು ಎಂದು ಇಳಿದು, ಕೈಯಿಂದ ಹಿಮ ಸವರಿದ. ಗಾಜಿನ ಆಚೆ ಅವನ ಮುಖ. ಈಚೆ ಅವನ ತಾಯಿಯ ನೀಲಿ ತುಟಿ. ಆಸ್ಪತ್ರೆಯ ಸರದಿ ಆಗಲೇ ತಪ್ಪಿಹೋಗಿತ್ತು. ಮಾರನೆಯ ದಿನ ಬೆಳಗಿನ ಜಾವ ಅತ್ತೆಯ ಎದೆಯಲ್ಲಿ ನೀರು ತುಂಬಿ, ಅವಳು ಮಲಗಲೂ ಆಗದೆ ಕೂರಲೂ ಆಗದೆ ಉಸಿರಿಗಾಗಿ ಬಾಯಿ ತೆರೆಯುತ್ತಿದ್ದದ್ದು, ಆ ಸದ್ದು. ಅತ್ತೆ ಉಳಿದಳು. ಹಿಮ ಕರಗುವವರೆಗೆ ಆಸ್ಪತ್ರೆಯಲ್ಲೇ ಉಳಿದಳು. "ಫೋನ್ ಯಾಕೆ ಮಾಡ್ಲಿಲ್ಲ?" ಎಂದು ಮಸನೊರಿ ಒಂದೇ ಸಲ ಕೇಳಿದ್ದ, ಹಾಸಿಗೆಯ ಎರಡು ಬದಿಗೆ ಕೂತಿದ್ದ ಇಬ್ಬರು ಹೆಂಗಸರನ್ನೂ ನೋಡದೆ, ನಡುವಿನ ಹೊದಿಕೆಯನ್ನು ನೋಡುತ್ತಾ. ನೀನು ಮೊದಲು ಯಾಕೆ ಬರಲಿಲ್ಲ ಎಂದು ಚಿಹಾರು ತಿರುಗಿ ಕೇಳಲಿಲ್ಲ. ಕೇಳಬಹುದಿತ್ತು ಎಂಬುದು ಅವನಿಗೂ ಗೊತ್ತಿತ್ತು. ಅವನ ಕಿವಿ ಕೆಂಪಾಗಿತ್ತು. ಇವತ್ತು ಬೆಳಿಗ್ಗೆ ಟೈರಿನ ಮಾತೆತ್ತಿದಾಗಲೂ ಹಾಗೇ ಕೆಂಪಾಯಿತು. "ಹಳೇ ಅಳತೇನೇ ಸಾಕಲ್ವಾ. ರಸ್ತೆ ಗುಡಿಸಿರ್ತೀವಲ್ಲ," ಎಂದ ಅನ್ನದ ಬಟ್ಟಲಿನೊಳಕ್ಕೆ. ದೊಡ್ಡ ಟೈರು ಹಾಕಿಸುವುದೆಂದರೆ ನಿನ್ನ ಯಂತ್ರವನ್ನು ನಾನು ನಂಬುವುದಿಲ್ಲ ಎಂದು ಊರಿನ ಮುಂದೆ ಸಾರಿದ ಹಾಗೆ.

ಇದೆಲ್ಲಕ್ಕಿಂತ ಚುಚ್ಚುತ್ತಿದ್ದದ್ದು ಸುಮಿಯ ಮಾತು. ಆಸ್ಪತ್ರೆಗೆ ನೋಡಲು ಬಂದಾಗ ಕಾರಿಡಾರಿನಲ್ಲಿ ಅವಳ ತೋಳು ಹಿಡಿದುಕೊಂಡು ಸುಮಿ ಅಂದಿದ್ದಳು, "ನಮಗೆ ಕಾಣ್ತಾನೇ ಇತ್ತು ಚಿಹಾರು-ಸಾನ್. ಇವರು ಬೂಟು ಕೂಡ ಹಾಕ್ಕೊಂಡ್ರು. ಆದ್ರೆ ನೀವು ಕರೀಲಿಲ್ಲವಲ್ಲ. ಮಸನೊರಿಗೆ ಕಾಯ್ತಿದ್ದೀರೇನೋ, ನಾವು ಮಧ್ಯೆ ಹೋದ್ರೆ ಅವನಿಗೆ ಅವಮಾನ ಆಗುತ್ತೇನೋ ಅಂತ ಮತ್ತೆ ಬಿಚ್ಚಿಟ್ರು." ಕಿಟಕಿಯ ಗಾಜಿನ ಹಿಂದೆ ಅವರು ಕಾಯುತ್ತಿದ್ದರು, ಗಾಡಿಯ ಗಾಜಿನ ಹಿಂದೆ ಇವರೂ ಕಾಯುತ್ತಿದ್ದರು. ಚಿಹಾರು ಅದನ್ನು ಕೇಳಿ, "ನಿಮಗೂ ತೊಂದರೆ ಕೊಟ್ವಿ," ಎಂದು ತಲೆ ಬಗ್ಗಿಸಿದ್ದಳು. ಬಗ್ಗಿಸಿದ ತಲೆಯೊಳಗೆ ಕಿರುಚಬೇಕೆನ್ನಿಸಿತ್ತು. ಈ ಚಳಿಗಾಲ ಹಾಗಾಗಬಾರದು. ಅತ್ತೆಯ ಒಂದು ಸರದಿಯೂ ತಪ್ಪಬಾರದು, ಯಾರ ಬೂಟೂ ಕಾಲಿಗೆ ಹತ್ತಿ ಇಳಿಯಬಾರದು. ಅದಕ್ಕೆ ಒಂದು ಬೆರಳು ಸಾಕಾದರೆ ಆ ಬೆರಳೇ ಸರಿ.

"ನಡುವಿನದು," ಎಂದಳು. ದನಿ ಜೋರಾಯಿತೇನೋ, ಹೊಸ್ತಿಲಿನ ಗಿರಾಕಿ ತಿರುಗಿ ನೋಡಿದ.

ಹಾಕಿ ಮುಗಿಸಿ ಜ್ಯಾಕ್ ಇಳಿಸಿದ ಮೇಲೆ ಇಗರಾಶಿ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಲು ಹೇಳಿದ. ಪರ್ರ್ ಎಂದು ಸದ್ದು. "ಏನಿಲ್ಲ, ಹಿಂದಿನ ರಬ್ಬರ್ ಪರದೆಗೆ ತಾಗ್ತಿದೆ," ಎಂದು ಅವನು ಚಾಕು ತಂದು ಅದರ ಮೂಲೆ ಕತ್ತರಿಸಿದ. ಸದ್ದು ನಿಂತಿತು, ಆದರೆ ಅವಳ ಕಿವಿಯಲ್ಲಿ ನಿಲ್ಲಲಿಲ್ಲ. ಅತ್ತೆ ಹತ್ತಿ ಇಳಿಯಲು ಹಿಂದಿನ ಸೀಟಿನಲ್ಲಿ ಬಿಯರ್ ಬಾಟಲಿಯ ಹಳದಿ ಕ್ರೇಟೊಂದು ಇರುತ್ತಿತ್ತು. ಅದನ್ನು ನೆಲಕ್ಕೆ ಬೋರಲಾಗಿ ಹಾಕಿ, ಅತ್ತೆಯ ಸೀಟಿನಲ್ಲಿ ತಾನೇ ಕೂತು ಕಾಲು ಇಳಿಬಿಟ್ಟು ನೋಡಿದಳು. ಹಿಮ್ಮಡಿ ಸಲೀಸಾಗಿ ತಾಗಿತು. ಸರಿ ಹಾಗಾದರೆ.

"ನಾಳೆ ಸಂಜೆ ತನಕ ಓಡಿಸಿ ನೋಡಿ. ಮನಸ್ಸು ಒಪ್ಪದಿದ್ರೆ ತಗೊಂಡು ಬನ್ನಿ, ಹಳೇ ಅಳತೇದು ಹಾಕಿಕೊಡ್ತೀನಿ. ಹಾಂ, ಇನ್ನೊಂದು. ಸ್ಪೀಡಿನ ಮುಳ್ಳು ತೋರಿಸೋದಕ್ಕಿಂತ ನೀವು ಸ್ವಲ್ಪ ಜೋರಾಗೇ ಹೋಗ್ತಿರ್ತೀರಿ. ಚಕ್ರ ದೊಡ್ಡದಾಯ್ತಲ್ಲ."

ಇನ್ನು ಮೇಲೆ ಮುಳ್ಳನ್ನೂ ನಂಬುವಂತಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದ ಕಿಕುನೊ ತನ್ನ ನೇರಳೆ ಉಣ್ಣೆಟೋಪಿಯಲ್ಲಿ ಒಂದು ಬದನೆಕಾಯಿಯ ಹಾಗಿದ್ದಳು. ಹಾಗೆಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಇವತ್ತು ಟೋಪಿಯ ಕೆಳಗಿನ ಮುಖಕ್ಕೆ ಬಣ್ಣವೇ ಇರಲಿಲ್ಲ. ಮುಗಿಯುವ ಹೊತ್ತಿಗೆ ರಕ್ತದೊತ್ತಡ ಬಹಳ ಇಳಿದಿತ್ತೆಂದು ನರ್ಸ್ ಹೇಳಿದಳು. ಮುದುಕಿ ಜೀಪನ್ನು ಮೇಲಿಂದ ಕೆಳಗೆ ನೋಡಿದಳು.

"ಇದೇನೆ ಇದು, ನಿನ್ನ ಬೆಂಕಿಪೊಟ್ಟಣ ಹಿಮ್ಮಡಿ ಎತ್ತರದ ಚಪ್ಪಲಿ ಹಾಕ್ಕೊಂಡಿದೆ?"

"ಚಳಿಗಾಲಕ್ಕೆ ಅಮ್ಮಾ. ಹೊಟ್ಟೆ ತಾಗಬಾರದಲ್ಲ."

"ಯಾರ ಹೊಟ್ಟೆ?" ಎಂದು ನರ್ಸನ್ನು ನೋಡಿ ಕಣ್ಣು ಮಿಟುಕಿಸಿದಳು.

ನರ್ಸ್ ಗಟ್ಟಿಯ ಹೆಣ್ಣು. ಒಳಗಿನಿಂದ ಎರಡು ಮೆಟ್ಟಿಲಿನ ಸ್ಟೂಲು ತಂದು, ಸೂಜಿ ಹಾಕುವ ಎಡಗೈಯನ್ನು ಮುಟ್ಟದೆ, ಬಲಗಂಕುಳಿಗೆ ಭುಜ ಕೊಟ್ಟು, ಹೂಕುಂಡ ಎತ್ತಿಡುವ ಹಾಗೆ ಮುದುಕಿಯನ್ನು ಸೀಟಿನ ಮೇಲೆ ಇಟ್ಟಳು. "ಮನೇಲಿ ಇಳಿಸೋಕೆ ಇನ್ನೊಬ್ರು ಇದ್ದಾರಲ್ವಾ? ಇವತ್ತು ತಲೆ ಸುತ್ತಬಹುದು."

"ಇದ್ದಾರೆ," ಎಂದಳು ಚಿಹಾರು. ಮಸನೊರಿ ಇವತ್ತು ತಡವಾಗುತ್ತದೆಂದು ಮಧ್ಯಾಹ್ನವೇ ಫೋನ್ ಮಾಡಿದ್ದ. ಆದರೂ ಇದ್ದಾರೆ ಎಂಬ ಮಾತು ಎಷ್ಟು ಸರಾಗವಾಗಿ ಬಂತೆಂದರೆ, ಗೇಟು ದಾಟಿದ ಮೇಲೆಯೇ ಅದು ಸುಳ್ಳೆಂದು ಅವಳಿಗೆ ತಿಳಿದದ್ದು.

ದಾರಿಯುದ್ದಕ್ಕೂ ಅವಳು ಕೇಳುತ್ತಿದ್ದದ್ದು ಟೈರುಗಳನ್ನು. ಡಾಂಬರಿನ ಮೇಲೆ ಅವು ಜೇನುಹುಳುವಿನ ಹಾಗೆ ಗುಂಯ್‌ಗುಡುತ್ತಿದ್ದವು. ಏರಿನಲ್ಲಿ ಎಂಜಿನ್ ನಿಜಕ್ಕೂ ಏದುಸಿರು ಬಿಟ್ಟಿತು. ಪ್ರತಿ ತಿರುವಿನಲ್ಲಿ ಆ ಪರ್ರ್ ಬಂದೀತೆಂದು ಅವಳ ಭುಜ ಕಿವಿಯ ಹತ್ತಿರ ಏರುತ್ತಿತ್ತು. ಘಟ್ಟದ ಮೇಲೆ ಮಸನೊರಿಯ ತಂಡ ದಾರಿಯ ಅಂಚಿಗೆ ಕೆಂಪು ಬಿಳಿ ಪಟ್ಟೆಯ ಕಂಬಗಳನ್ನು ನೆಡುತ್ತಿತ್ತು. ಹಿಮದಲ್ಲಿ ರಸ್ತೆ ಎಲ್ಲಿದೆಯೆಂದು ಯಂತ್ರಕ್ಕೆ ತಿಳಿಯಬೇಕಾದರೆ ಆ ಕಂಬಗಳು ಬೇಕು. ಅವನು ಒಂದು ಕಂಬವನ್ನು ಅಪ್ಪಿ ಹಿಡಿದು ನಿಂತಿದ್ದ. ಜೀಪು ಹಾದುಹೋಗುವಾಗ ಅವನ ದೃಷ್ಟಿ ಮೊದಲು ಟೈರಿಗೆ ಬಿತ್ತು, ಆಮೇಲೆ ಅವಳ ಮುಖಕ್ಕೆ. ಒಂದು ಕೈ ಎತ್ತಿದ. ಅವಳೂ ಎತ್ತಿದಳು. ಜೊತೆಗೆ ಕೆಲಸ ಮಾಡುವವರು ಇನ್ನು ಅವನಿಗೆ ಏನಾದರೂ ಅನ್ನುತ್ತಾರೆ.

"ನನ್ನ ಮಗ ಎಷ್ಟು ಚೆನ್ನಾಗಿ ಕಂಬ ತಬ್ಬಿಕೊಳ್ತಾನೆ ನೋಡು," ಎಂದಳು ಅತ್ತೆ ಕಣ್ಣು ಮುಚ್ಚಿಕೊಂಡೇ. "ಮನೇಲಿ ಹೆಂಡತಿ ಇರೋದು ಯಾತಕ್ಕೆ."

"ಅಮ್ಮಾ!"

"ನಾನು ಸುಮ್ನೆ ಅಂದೆ. ಮೆತ್ತಗೆ ಓಡಿಸು, ನಿನ್ನ ಹೊಸ ಚಪ್ಪಲಿ ನನ್ನ ಹಲ್ಲಿನ ಸೆಟ್ಟು ಅಲ್ಲಾಡಿಸ್ತಿದೆ."

ತಿರುವು ಬಂತು. ಗೆಂಜಿರೊನ ಮನೆಯ ಸೂರಿನ ಕೆಳಗೆ ಸಿಪ್ಪೆ ಸುಲಿದ ಕೆಂಪು ಪರ್ಸಿಮನ್ ಹಣ್ಣುಗಳು ದಾರದಲ್ಲಿ ಸಾಲು ಸಾಲಾಗಿ ಒಣಗಲು ತೂಗುತ್ತಿದ್ದವು. ಕಿಟಕಿಯಲ್ಲಿ ದೀಪ ಹತ್ತಿತ್ತು. ಅವಳು ಎಂದಿನಂತೆ ಆ ಕಡೆ ನೋಡದೆ, ನೋಡಲಿಲ್ಲವೆಂದೂ ಕಾಣದ ಹಾಗೆ ಮುಂದಕ್ಕೆ ಕಣ್ಣು ನೆಟ್ಟು ದಾಟಿ, ಮೇಲಿನ ತಮ್ಮ ಅಂಗಳದಲ್ಲಿ ನಿಲ್ಲಿಸಿದಳು. ಹೊಟ್ಟೆ ತಾಗಲಿಲ್ಲ. ಹಿಮವೇ ಇಲ್ಲದ ದಾರಿಯಲ್ಲಿ ತಾಗುವುದಾದರೂ ಹೇಗೆ.

ಕ್ರೇಟು ಹಾಕಿ ಅತ್ತೆಯ ಬಾಗಿಲು ತೆರೆದಳು. ಕಿಕುನೊ ಎಂದಿನ ಹಾಗೆ ಬಲಗೈಯಿಂದ ಮೇಲಿನ ಹಿಡಿ ಹಿಡಿದು, ಪೃಷ್ಠವನ್ನು ಅಂಚಿಗೆ ಸರಿಸಿ, ಬಲಗಾಲನ್ನು ಇಳಿಬಿಟ್ಟಳು. ಇಷ್ಟು ದಿನ ಆ ಕಾಲಿನ ತುದಿ ಕ್ರೇಟನ್ನು ತಡವಿ, ತಾಗಿ, ತಾಗಿದ್ದು ಗೊತ್ತಾದ ಮೇಲೆ ಮೈಭಾರ ಅದರ ಮೇಲೆ ಬರುತ್ತಿತ್ತು. ಇವತ್ತು ಕಾಲ್ಚೀಲದ ತುದಿ ಗಾಳಿಯಲ್ಲಿ ಆಡಿತು. ಮುಂದಕ್ಕೆ, ಹಿಂದಕ್ಕೆ. ಏನೂ ಸಿಗಲಿಲ್ಲ. ಬಗ್ಗಿ ನೋಡಿದ ಚಿಹಾರುವಿಗೆ ಆ ತುದಿಗೂ ಹಳದಿ ಪ್ಲಾಸ್ಟಿಕ್ಕಿಗೂ ನಡುವಿನ ಸಂದು ಕಂಡಿತು. ಅಳೆಯಬೇಕಾಗಿರಲಿಲ್ಲ. ಅದರ ದಪ್ಪ ಅವಳಿಗೆ ಗೊತ್ತಿತ್ತು. ಅಂಗಡಿಯಲ್ಲಿ ಕೂತು ನೋಡಿದ್ದು ತನ್ನ ಕಾಲು, ತನ್ನ ಮಂಡಿ.

"ಸ್ವಲ್ಪ ಮುಂದೆ ಬನ್ನಿ ಅಮ್ಮಾ, ಇಲ್ಲೇ ಇದೆ."

"ಎಲ್ಲೇ? ನೆಲ ಎಲ್ಲಿ ಹೋಯ್ತು?"

ಮುದಿಗೈ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಎಡಗೈ ಎಳೆಯುವಂತಿಲ್ಲ, ಬಲಗೈ ಬಿಡಿಸುವಂತಿಲ್ಲ. ಸೊಂಟಕ್ಕೆ ಕೈ ಹಾಕಿದರೆ ಕೋಟು ಜಾರಿತು, ಒಳಗಿನ ಮೈ ಅದರೊಳಗೆಲ್ಲೋ ಇತ್ತು. ಅತ್ತೆಯ ತಲೆ ಒಂದು ಪಕ್ಕಕ್ಕೆ ವಾಲಿತು. ಬಿದ್ದಳು, ಈಗ ಬಿದ್ದಳು. ಚಿಹಾರು ತನ್ನ ತಲೆಯನ್ನೇ ಅತ್ತೆಯ ಎದೆಗೆ ಒತ್ತಿ, ಮಗುವನ್ನು ತೊಟ್ಟಿಲಿಗೆ ತಳ್ಳುವ ಹಾಗೆ ಅವಳನ್ನು ಸೀಟಿಗೆ ಹಿಂದಕ್ಕೆ ತಳ್ಳಿದಳು. ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟು, ಬಾಗಿಲು ಹಾಕಿ, ಸುತ್ತಿ ಬಂದು ತನ್ನ ಜಾಗದಲ್ಲಿ ಕೂತಳು. ಏನು ಮಾಡಬೇಕೆಂದು ತಿಳಿಯದೆ ಎಂಜಿನ್ ಹಚ್ಚಿ ಹೀಟರ್ ಹಾಕಿದಳು.

ಇಬ್ಬರೂ ಮುಂದಿನ ಗಾಜನ್ನು ನೋಡುತ್ತಾ ಕೂತರು. ಸಂಜೆ ಬೇಗ ಬೇಗ ಕಪ್ಪಾಗುತ್ತಿತ್ತು. ಅತ್ತೆಯ ಉಸಿರಿನ ಸಣ್ಣ ಸದ್ದು. ಕೆಳಗೆ ಗೆಂಜಿರೊನ ಕಿಟಕಿಯ ಹಳದಿ ಚೌಕ, ಅದರೊಳಗೆ ಯಾರೋ ಓಡಾಡಿದ ನೆರಳು. ಫೋನು ತೊಡೆಯ ಮೇಲೆ. ಗಾಜಿನ ಮೇಲೆ ಮೊದಲ ಹಿಮದ ಹರಳೊಂದು ಬಂದು ಕೂತು, ಕರಗಿ, ನೀರಾಗಿ ಇಳಿಯಿತು. ಇಷ್ಟು ಯೋಚಿಸಿ, ಇಷ್ಟು ಆರಿಸಿ, ಅವಳು ತನ್ನನ್ನೂ ಅತ್ತೆಯನ್ನೂ ಕರೆತಂದು ಕೂರಿಸಿದ್ದು ಇಲ್ಲಿಗೆ, ಅದೇ ಗಾಡಿಯೊಳಕ್ಕೆ, ಅದೇ ಕಿಟಕಿಯ ಎದುರಿಗೆ. ಆವತ್ತು ಒಂದು ಬೆರಳು ಕಮ್ಮಿ, ಇವತ್ತು ಒಂದು ಬೆರಳು ಹೆಚ್ಚು. ಮಸನೊರಿ ಬರಲು ಎಷ್ಟು ಹೊತ್ತಾದೀತು? ಕತ್ತಲಾದ ಮೇಲೆ ಕಂಬ ನೆಡುವುದಿಲ್ಲ. ಆದರೆ ಸಾಮಾನು ಡಿಪೋಗೆ ಸಾಗಿಸಬೇಕು. ಹೀಟರ್ ಇದೆ. ಇವತ್ತು ಸರದಿಯೇನೂ ತಪ್ಪಿಲ್ಲ. ಅವಸರವಿಲ್ಲ. ಗೆಂಜಿರೊನ ಮನೆಯಲ್ಲಿ ಊಟದ ಹೊತ್ತು ಬೇರೆ.

"ಇನ್ನೊಂದು ಸ್ವಲ್ಪ ನೋಡೋಣ," ಎಂದಳು ಅತ್ತೆ.

ಚಿಹಾರು ತಿರುಗಿ ನೋಡಿದಳು. ವರ್ಷಪೂರ್ತಿ ಹುಡುಕಿದ ದನಿ ಇದೇ ಇರಬಹುದಿತ್ತು. ಆದರೆ ಅದೇ ಕ್ಷಣ ಅವಳಿಗೆ ತನ್ನ ಬಾಯಿಯೂ ತೆರೆದಿದೆಯೆಂದು, ನಾಲಿಗೆ ಅದೇ ಮಾತಿನ ಮೊದಲ ಅಕ್ಷರಕ್ಕೆ ಎದ್ದು ನಿಂತಿದೆಯೆಂದು ಗೊತ್ತಾಯಿತು. ಅತ್ತೆ ಅರೆಗಳಿಗೆ ಮುಂದಾಗಿದ್ದಳು, ಅಷ್ಟೇ. ಮುದುಕಿಯ ತುಟಿ ಒಣಗಿತ್ತು. ಅಂಚಿನಲ್ಲಿ ಬಿಳಿಯ ಗೆರೆ. ಉಣ್ಣೆಟೋಪಿ ಒಂದು ಕಿವಿಯ ಮೇಲೆ ಸರಿದು ಆ ಕಿವಿ ಸಣ್ಣ ಮಕ್ಕಳದರ ಹಾಗೆ ಬೆತ್ತಲಾಗಿತ್ತು. ಚಿಹಾರು ಕೈಚಾಚಿ ಟೋಪಿಯನ್ನು ಆ ಕಿವಿಯ ಮೇಲೆ ಎಳೆದಳು. ಆಮೇಲೆ ಅದೇ ಕೈಯನ್ನು ಸ್ಟೇರಿಂಗಿನ ನಡುವಿಗೆ ತಂದು ಒತ್ತಿದಳು.

ಆ ಊರಿನಲ್ಲಿ ಹಾರ್ನ್ ಒತ್ತುವವರಿಲ್ಲ. ಸದ್ದು ಅಂಗಳದಿಂದ ಎದ್ದು, ಬೆಟ್ಟಕ್ಕೆ ಬಡಿದು ಹಿಂದಿರುಗಿತು. ಎಲ್ಲೋ ನಾಯಿ ಬೊಗಳಿತು. ಅವಳು ಕೈ ತೆಗೆಯಲಿಲ್ಲ. ಅತ್ತೆ ಏನೋ ಅನ್ನುತ್ತಿದ್ದಳು, ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಚಿಹಾರುವಿನ ಇಡೀ ಮೈ ನಾಚಿಕೆಯಿಂದ ಬಿಸಿಯಾಗಿ, ಕಣ್ಣಲ್ಲಿ ನೀರು ಬಂದು, ಆದರೂ ಆ ಪುಟ್ಟ ಗಾಡಿಗೆ ಇಷ್ಟು ದೊಡ್ಡ ಗಂಟಲಿತ್ತೇ ಎಂದು ಒಳಗೆಲ್ಲೋ ಆಶ್ಚರ್ಯವಾಗುತ್ತಾ, ಅವಳು ಒತ್ತಿಯೇ ಇದ್ದಳು. ಕೆಳಗಿನ ಬಾಗಿಲು ಧಡಾರನೆ ತೆರೆಯಿತು.

ಗೆಂಜಿರೊ ಬೂಟು ಹಾಕಿಕೊಂಡಿರಲಿಲ್ಲ. ಮನೆಯೊಳಗಿನ ಚಪ್ಪಲಿಯಲ್ಲೇ, ಒಂದು ಕೈಲಿ ಚಾಕು, ಇನ್ನೊಂದರಲ್ಲಿ ಅರ್ಧ ಸುಲಿದ ಹಣ್ಣು ಹಿಡಿದು ಏರು ಹತ್ತಿ ಓಡಿಬಂದ. ಹಿಂದೆ ಸುಮಿ, ಏಪ್ರನ್ನಿಗೆ ಕೈ ಒರೆಸುತ್ತಾ.

"ಏನಾಯ್ತು? ಯಾರಿಗೇನಾಯ್ತು?"

ಚಿಹಾರು ಇಳಿದು ನಿಂತಳು. "ಅತ್ತೇನ ಇಳಿಸೋಕೆ ಆಗ್ತಿಲ್ಲ. ಸ್ವಲ್ಪ ಬನ್ನಿ," ಎಂದಳು. ಅಷ್ಟೇ ಮಾತು. ಹಿಂದೆ ಮುಂದೆ ಏನನ್ನಾದರೂ ಸೇರಿಸಬೇಕೆಂದು ಬಾಯಿ ಹುಡುಕಿತು, ಸಿಗಲಿಲ್ಲ.

ಗೆಂಜಿರೊ ಉಸಿರು ಬಿಟ್ಟ. ಚಾಕು, ಹಣ್ಣು ಎರಡನ್ನೂ ಬಾನೆಟ್ಟಿನ ಮೇಲಿಟ್ಟ. "ನಾನು ಕಿಕುನೊ-ಸಾನ್ ಹೋಗೇಬಿಟ್ರು ಅಂದ್ಕೊಂಡೆ."

"ಹೋಗೋಳು ಹಾರ್ನ್ ಹೊಡ್ಕೊಂಡು ಹೋಗ್ತೀನಾ?" ಎಂದಳು ಅತ್ತೆ ಒಳಗಿನಿಂದ. "ನೋಡ್ತಾ ನಿಂತ್ಕೋಬೇಡ ಗೆಂಜಿ, ಎತ್ತು. ಎಡಗೈ ಮುಟ್ಟಬೇಡ. ಸುಮಿ, ನಿನ್ನ ಗಂಡ ನನ್ನ ಸೊಂಟ ಹಿಡೀತಾನೆ, ಆಮೇಲೆ ನನ್ನ ಮೇಲೆ ಸಿಟ್ಟಾಗಬೇಡ."

"ಹಿಡ್ಕೊಳ್ಳಿ ಹಿಡ್ಕೊಳ್ಳಿ, ವಾಪಸ್ ಕೊಟ್ರೆ ಸಾಕು," ಎಂದಳು ಸುಮಿ.

ಗೆಂಜಿರೊ ಬೆನ್ನು ಕೊಟ್ಟು ಬಗ್ಗಿದ, ಹೆಂಗಸರಿಬ್ಬರೂ ಸೇರಿ ಮುದುಕಿಯನ್ನು ಅದರ ಮೇಲೆ ಜಾರಿಸಿದರು. ಅವನು ಹೊತ್ತು ನಡೆಯುವಾಗ ನಿಂತು ಟೈರನ್ನು ನೋಡಿದ. "ಓ, ದೊಡ್ಡದು ಹಾಕಿಸಿದ್ರಾ? ಎಷ್ಟು ಎತ್ತರ ಆಯ್ತು?"

"ಒಂದು ಬೆರಳು."

"ಒಂದು ಬೆರಳಿಗೆ ಇಷ್ಟು ಗಲಾಟೆನಾ!"

"ನಾಳೆ ಹಿಂದಕ್ಕೆ ಕೊಟ್ಟುಬಿಡ್ತೀನಿ," ಎಂದಳು ಚಿಹಾರು ಅವಸರವಾಗಿ. "ಹಳೇ ಅಳತೇದೇ ಹಾಕಿಸ್ತೀನಿ. ಬದಲಾಯಿಸಿಕೊಡ್ತಾರಂತೆ."

"ಯಾಕೆ? ಹಿಮಕ್ಕೆ ಒಳ್ಳೇದು ಅಂತ ತಾನೇ ಹಾಕಿಸಿದ್ದು? ಇರಲಿ ಬಿಡು," ಎಂದಳು ಅತ್ತೆ, ಗೆಂಜಿರೊನ ಭುಜದ ಮೇಲಿಂದ. ಅವಳ ಗಲ್ಲ ಅವನ ನರೆಗೂದಲಿಗೆ ಒತ್ತಿತ್ತು. "ಗೆಂಜಿ, ನಾಳಿದ್ದು ಬೆಳಿಗ್ಗೆ ಹತ್ತಿಸೋಕೆ ಬಾ. ಇವಳು ಹಾರ್ನ್ ಹೊಡೀತಾಳೆ."

ಅತ್ತೆಯನ್ನು ಒಳಗೆ ಹಾಸಿಗೆಯ ಮೇಲೆ ಇಟ್ಟು, ನೀರು ಕುಡಿಯಲು ಬರೀ ಒಂದು ಗುಟುಕು ಕೊಟ್ಟು, ಸುಮಿ ಗೆಂಜಿರೊ ಇಬ್ಬರೂ ಒಲೆಯ ಮೇಲೆ ಸಾರು ಇದೆಯೆಂದು ಬಂದಷ್ಟೇ ಅವಸರದಲ್ಲಿ ಹೋದರು. ತೊಂದರೆ ಕೊಟ್ವಿ ಎಂದು ಚಿಹಾರು ಬಾಗಿಲಲ್ಲಿ ತಲೆ ಬಗ್ಗಿಸುವ ಹೊತ್ತಿಗೆ ಅವರು ಆಗಲೇ ಅರ್ಧ ಇಳಿದಿದ್ದರು. ಅವಳು ಜೀಪಿನ ಎಂಜಿನ್, ದೀಪ ಆರಿಸಲು ಅಂಗಳಕ್ಕೆ ಬಂದಳು. ಬಾನೆಟ್ಟಿನ ಮೇಲೆ ಚಾಕು, ಅದರ ಪಕ್ಕ ಅರ್ಧ ಸುಲಿದ ಹಣ್ಣು, ಸಿಪ್ಪೆ ಮುರಿಯದೆ ಉದ್ದಕ್ಕೆ ಸುರುಳಿಯಾಗಿ ಹೊಸ ಟೈರಿನ ಮೇಲೆ ತೂಗುತ್ತಿತ್ತು. ಕೊಯ್ದ ಕಡೆ ಹಿಮದ ಹರಳುಗಳು ಬಿದ್ದು ಕರಗುತ್ತಿದ್ದವು. ಇದನ್ನು ಹಿಂದಿರುಗಿಸಬೇಕು. ಅವಳ ಮನಸ್ಸು ತಾನೇ ತಾನಾಗಿ ಅಡಿಗೆಮನೆಯ ಕಪಾಟಿಗೆ ಹೋಗಿ, ಏನಿದೆ, ಒಳ್ಳೆಯ ಕಾಗದ ಸುತ್ತಿದ್ದು ಏನಾದರೂ ಉಳಿದಿದೆಯೇ ಎಂದು ತಡಕಾಡಿತು. ನೋರಿ ಎಂಬ ಒಣ ಕಡಲಪಾಚಿಯ ಒಂದು ಡಬ್ಬಿ ಇತ್ತು, ಹೊಸ ವರ್ಷಕ್ಕೆಂದು ಇಟ್ಟದ್ದು. ಅವಳು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಳು. ನಿಂತಳು. ಕೆಳಗೆ ಗೆಂಜಿರೊನ ಬಾಗಿಲು ಇನ್ನೂ ತೆರೆದೇ ಇತ್ತು, ಬೆಳಕು ದಾರಿಯ ಮೇಲೆ ಚೆಲ್ಲಿತ್ತು.

ಹಣ್ಣನ್ನೂ ಚಾಕುವನ್ನೂ ಎತ್ತಿಕೊಂಡು, ಕೈಯಲ್ಲಿ ಬೇರೆ ಏನೂ ಇಲ್ಲದೆ, ಚಿಹಾರು ಆ ಏರನ್ನು ಇಳಿಯತೊಡಗಿದಳು.